ಒಂದು ಗುಟುಕು ಹಾಲು

ಕಿರಾಣಿ ಅಂಗಡಿಯಲ್ಲಿ ನಿಂತು, ಕಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಬಿಸ್ಕತ್ತಿನ ಪೊಟ್ಟಣದ ಬೆನ್ನ ಮೇಲಿನ ಇರುವೆಯಂಥ ಅಕ್ಷರಗಳನ್ನು ಓದುತ್ತಿದ್ದ ಆ ಸಣಕಲ ಮನುಷ್ಯನನ್ನು ಬೀದಿಯವರೆಲ್ಲ, ಇದನ್ನು ಬರೆಯುತ್ತಿರುವವರೂ ಸೇರಿ, ಮಾರುವೇಷದಲ್ಲಿ ಬಂದ ಆಹಾರ ಇನ್ಸ್‌ಪೆಕ್ಟರ್ ಎಂದೇ ನಂಬಿದ್ದರು. ಅಂಗಡಿಯವನಂತೂ ಅವನಿಗೆ ಕುರ್ಚಿ ಹಾಕಿ, ಹಳೆಯ ಸರಕನ್ನೆಲ್ಲ ಗೋಣಿಚೀಲದಡಿ ತಳ್ಳಿ ಬೆವರು ಒರೆಸಿಕೊಂಡಿದ್ದ. ಆತ ಬೀದಿಯ ಮೂಲೆಯಲ್ಲಿ ಹೊಸದಾಗಿ ಅಂಗಡಿ ಇಟ್ಟ ವಾಚ್ ರಿಪೇರಿಯವನೆಂದೂ, ಪೊಟ್ಟಣದಲ್ಲಿ ಹುಡುಕುತ್ತಿದ್ದುದು ಹಾಲಿನ ಪುಡಿಯ ಸುಳಿವನ್ನೆಂದೂ ಗೊತ್ತಾದ ದಿನವೇ ಕುರ್ಚಿ ಒಳಗೆ ಹೋಯಿತು.

ಅವನ ಮಗಳಿಗೆ ಆರು ವರ್ಷ. ಮನೆಯಲ್ಲಿ ಎಲ್ಲರಿಗೂ ಗುಬ್ಬಿ. ಅವಳಿಗೆ ವರ್ಷ ತುಂಬುವ ಮೊದಲು ಯಾರೋ ನೆಂಟರು ಮುದ್ದಿಗೆಂದು ಒಂದು ಚಮಚ ಹಸುವಿನ ಹಾಲು ಬಾಯಿಗೆ ಬಿಟ್ಟಿದ್ದರು. ಹತ್ತು ನಿಮಿಷದಲ್ಲಿ ಮೈತುಂಬ ದದ್ದು, ಊದಿದ ತುಟಿ, ಉಸಿರಿನಲ್ಲಿ ಸಿಳ್ಳು. ಆಸ್ಪತ್ರೆಯ ಮೆಟ್ಟಿಲನ್ನು ಹೇಗೆ ಹತ್ತಿದನೋ ಅವನಿಗೆ ಇವತ್ತಿಗೂ ನೆನಪಿಲ್ಲ. ಅಂದಿನಿಂದ ಅವನ ಕಾಲು ನಿಂತಲ್ಲಿ ನಿಲ್ಲದು, ಕೂತಲ್ಲಿ ಕೂರದು.

"ಕಂಡವರ ಗಡಿಯಾರಕ್ಕೆಲ್ಲ ಕೀ ಕೊಟ್ಟೂ ಕೊಟ್ಟೂ ನಿಮಗೂ ಕೀ ಹತ್ತಿಬಿಟ್ಟಿದೆ, ಕೂತ್ಕೊಳ್ರೀ" ಎಂದು ಹೆಂಡತಿ ರೇಗಿಸುತ್ತಾಳೆ. ಹಾಗೆ ರೇಗಿಸುವವಳೇ ಮಗಳ ಶಾಲೆ ಚೀಲದಲ್ಲಿ ಔಷಧಿ ಇದೆಯೇ ಎಂದು ದಿನಕ್ಕೆ ಎರಡು ಸಲ ಮುಟ್ಟಿ ನೋಡುತ್ತಾಳೆ.

ಇಷ್ಟರಲ್ಲಿ ಒಂದು ಸೋಮವಾರ ಶಾಲೆಯಿಂದ ಚೀಟಿ ಬಂತು. ಶುಕ್ರವಾರ ಮೂಳೆಗಳ ಆರೋಗ್ಯ ದಿನ. ಹೆಡ್‌ಮಾಸ್ಟರರ ಕಣ್ಣೆದುರೇ ಪ್ರತಿ ಮಗುವೂ ಒಂದು ಲೋಟ ಹಾಲು ಕುಡಿಯತಕ್ಕದ್ದು. ಯಾರಿಗೂ ವಿನಾಯಿತಿ ಇಲ್ಲ. ಕೊನೆಯ ಮಾತಿನ ಕೆಳಗೆ ಎರಡು ಗೆರೆ.

ಅವತ್ತಿನಿಂದ ಅವನು ಒಂದು ಗಡಿಯಾರದ ತಿರುಪನ್ನು ಇನ್ನೊಂದಕ್ಕೆ ಹಾಕತೊಡಗಿದ. ಮಧ್ಯಾಹ್ನ ಶಟರ್ ಅರ್ಧಕ್ಕೆ ಎಳೆದು ಶಾಲೆಯ ಗೋಡೆಯವರೆಗೆ ಹೋಗಿ ಬಂದ. ಗುಬ್ಬಿಗೆ ಹಾಲು ಕೂಡದೆಂಬ ಡಾಕ್ಟರ ಪತ್ರ ಹಿಡಿದು ಎರಡು ಸಲ ಒಳಗೂ ಹೋದ. ಹೆಡ್‌ಮಾಸ್ಟರರು ಭಾಷಣ ಬರೆಯುತ್ತಿದ್ದಾರೆಂದು ಜವಾನ ಎರಡು ಸಲವೂ ಹೊರಗೆ ಕಳಿಸಿದ.

ಗುರುವಾರ ಸಂಜೆ ಹೆಡ್‌ಮಾಸ್ಟರರೇ ಅಂಗಡಿಗೆ ಬಂದರು. ಇಪ್ಪತ್ತೈದು ವರ್ಷದ ಸೇವೆಗೆ ಸಿಕ್ಕಿದ ಚಿನ್ನದ ಬಣ್ಣದ ವಾಚು ಅವನ ಬಳಿ ರಿಪೇರಿಗಿತ್ತು. ಕೈ ತೊಳೆಯುವಾಗ ಅದನ್ನು ಬಿಚ್ಚಿಡುವವರು ಅವರು; ಮೋಡ ಕಂಡರೆ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸುವವರು.

ಅವನು ಪತ್ರ ಮುಂದಿಟ್ಟ. ಅವರು ಓದಲಿಲ್ಲ, ಕ್ಯಾಲ್ಸಿಯಂ ಎಂಬುದನ್ನು ತಾವೇ ಕಂಡುಹಿಡಿದವರ ಠೀವಿಯಲ್ಲಿ ಅದರ ಮಹಿಮೆ ಹೇಳಿದರು. ಹಾಲಿಲ್ಲದ ಮಗುವಿನ ಮೂಳೆ ಸೀಮೆಸುಣ್ಣದ ಕಡ್ಡಿ ಎಂದರು. ಕ್ಯಾಲ್ಸಿಯಂ ಹಾಲೊಂದರ ಆಸ್ತಿಯಲ್ಲ ಎಂದು ಅವನು ತಡವರಿಸುತ್ತ ಬಿಡಿಸಿ ಹೇಳಿದ: ಸೊಪ್ಪಿದೆ, ಎಳ್ಳಿದೆ, ಮುಳ್ಳಿನ ಸಮೇತ ಅಗಿಯುವ ಸಣ್ಣ ಮೀನಿದೆ, ಕೊರತೆ ಬೀಳದಿರಲೆಂದು ಡಾಕ್ಟರು ಬರೆದ ಮಾತ್ರೆಯೂ ಇದೆ. ಮೊನ್ನೆ ಗುಬ್ಬಿ ಬೆಂಚಿನಿಂದ ಬಿದ್ದಾಗ ಕಾಲು ಮುರಿದದ್ದು ಬೆಂಚಿನದು ಎಂದ. ಹೆಡ್‌ಮಾಸ್ಟರರು ನಗಲಿಲ್ಲ. ನಿಯಮ ನಿಯಮವೇ ಎಂದರು. ಮೇಜಿನಡಿ ಅವನ ಕಾಲು ಹೊಲಿಗೆ ಯಂತ್ರದಂತೆ ಓಡುತ್ತಿತ್ತು.

ಮಾರನೆಯ ದಿನ ಗುಬ್ಬಿಯ ಮುಂದೆ ಲೋಟ ಬರಲಿಲ್ಲ. ಅವಳ ಬೆಂಚಿನ ಸುತ್ತ ಹಾಲಿನ ಹನಿಯೂ ಬೀಳದಂತೆ ಹೆಡ್‌ಮಾಸ್ಟರರೇ ಖುದ್ದು ಕಾವಲು ನಿಂತರು. ಅದಕ್ಕೆ ಡಾಕ್ಟರ ಪತ್ರ ಕಾರಣವಲ್ಲ. ಕಾರಣ, ಹಿಂದಿನ ಸಂಜೆ ಅಂಗಡಿಯಲ್ಲಿ ಕೊನೆಗೆ ನಡೆದ ಎರಡು ಮಾತು.

"ಅಲ್ಲಯ್ಯಾ, ಎಲ್ಲರ ಜೊತೆ ಒಂದೇ ಒಂದು ಗುಟುಕು ಕುಡಿದ್ರೆ ಏನಾಗಿಬಿಡುತ್ತೆ?" ಎಂದು ಹೆಡ್‌ಮಾಸ್ಟರರು ಕೇಳಿದ್ದರು.

ಅವನ ಕಾಲು ನಿಂತಿತು. ಒಂದು ಕೈಯಲ್ಲಿ ಹಿಂಬದಿಯ ಮುಚ್ಚಳ ತೆಗೆದಿದ್ದ ಅವರ ವಾಚನ್ನೂ ಇನ್ನೊಂದರಲ್ಲಿ ತನ್ನ ನೀರಿನ ಲೋಟವನ್ನೂ ಎತ್ತಿಕೊಂಡ.

"ನಿಮ್ಮ ವಾಚು ಇನ್ನೂ ಬಿಚ್ಚೇ ಇದೆ, ಮೇಷ್ಟ್ರೇ. ಒಂದೇ ಒಂದು ತೊಟ್ಟು ಹಾಕ್ಲಾ?"