ಭಾವ ಹೊಲಿದ ಅಟ್ಟಣೆ

ನಮ್ಮ ಭಾವ ದರ್ಜಿ. ಊರಿನ ಅರ್ಧ ಜನರ ಸೊಂಟದ ಸುತ್ತಳತೆ ಅವರಿಗೆ ಬಾಯಿಪಾಠ. ಯಾರು ಎಷ್ಟು ದಪ್ಪಗಾದರೂ ಅವರಿಗೆ ಗಾಬರಿಯಿಲ್ಲ. ಪ್ರತಿ ಅಂಗಿಯ ಒಳಗೂ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟೇ ಹೊಲಿಯುತ್ತಿದ್ದರು. ಮೂವತ್ತೈದು ವರ್ಷದ ಅಭ್ಯಾಸ, ಬಿಡೆಂದರೂ ಕೈ ಬಿಡುವಂಥದ್ದಲ್ಲ.

ಇಂಥ ಮನುಷ್ಯ ಕೊಳದಲ್ಲಿ, ದಡದಿಂದ ನೀರಿನ ಮೇಲೆ ಚಾಚುವ ಮರದ ಅಟ್ಟಣೆ ಕಟ್ಟಲು ಹೊರಟದ್ದು ಅಕ್ಕನಿಗಾಗಿ. ಮನೆ ಹಿಂದಿನ ಕೊಳಕ್ಕೆ ಬಟ್ಟೆ ಒಗೆಯಲು ಹೋಗಿ, ದಡದ ಕೆಸರಿನಲ್ಲಿ ಜಾರಿ ಅಕ್ಕ ಮಂಡಿಗೆ ಪೆಟ್ಟು ಮಾಡಿಕೊಂಡಿದ್ದಳು. ಅಂದಿನಿಂದ ಒಗೆಯುವುದು ಭಾವನ ಪಾಲಿಗೆ ಬಂತು. ಅವರು ಒಗೆದದ್ದನ್ನು ಅಕ್ಕ ಬೆಳಕಿಗೆ ಹಿಡಿದು ನೋಡಿ ಮತ್ತೆ ಬಕೆಟ್ಟಿಗೆ ಹಾಕುತ್ತಿದ್ದಳು. ಅಟ್ಟಣೆ ಎದ್ದದ್ದು ಪ್ರೀತಿಯಿಂದಲೋ ಪ್ರಾಣಭಯದಿಂದಲೋ ನಾನು ಹೇಳಲಾರೆ.

ನಾನು ಲಾರಿ ಬಾಡಿ ಕಟ್ಟುವ ಬಡಗಿ. ಎರಡು ಬೀದಿ ಆಚೆ ಇದ್ದೇನೆ. ನನ್ನನ್ನು ಒಂದು ಮಾತು ಕೇಳಲಿಲ್ಲ! ನಾಲ್ಕು ಜೋಡಿ ಕಂಬ ನೆಟ್ಟು, ಹಲಗೆ ಹಾಸಿ, ಅಕ್ಕನನ್ನು ಕರೆದರು. ಅವಳು ಮೂರು ಹೆಜ್ಜೆ ಇಟ್ಟಳು, ಅಟ್ಟಣೆ ತೊಟ್ಟಿಲಿನಂತೆ ತೂಗಿತು. ಅಂಬೆಗಾಲಿಕ್ಕಿಕೊಂಡು ದಡ ಸೇರಿದವಳು ಹೇಳಿದಳಂತೆ: "ಭಾನುವಾರದೊಳಗೆ ಇದು ಅಲ್ಲಾಡದೆ ನಿಲ್ಲಬೇಕು. ಇಲ್ಲಾಂದ್ರೆ ಸೋಮವಾರ ಒಲೆಗೆ. ಆಮೇಲೆ ಈ ಜನ್ಮದಲ್ಲಿ ನಾನು ಕೊಳದ ಕಡೆ ತಲೆ ಹಾಕಲ್ಲ. ಬಟ್ಟೆ ನಿಮ್ಮದೇ."

ಆಗ ನನಗೆ ಕರೆ ಬಂತು. ಹೋಗಿ ನೋಡಿದರೆ ಒಂದು ಮೊಳೆಯೂ ಪೂರ್ತಿ ಒಳಗೆ ಹೋಗಿಲ್ಲ, ಎಲ್ಲ ಅರ್ಧ ಹೊರಗೆ. ಸಿಟ್ಟು ನೆತ್ತಿಗೇರಿತು.

"ಏನು ಭಾವ ಇದು? ಸುತ್ತಿಗೆ ಎತ್ತೋಕೆ ಕೈ ನೋವಾ?"

"ಅದು ಕಚ್ಚಾ ಹೊಲಿಗೆ ಕಣೋ. ಮೊದಲು ಹಾಕಿ ನೋಡಬೇಕು, ಆಮೇಲೆ ಗಟ್ಟಿ ಹೊಲಿಗೆ."

"ಅಕ್ಕನ್ನ ಹತ್ತಿಸಿ ಹಾಕಿ ನೋಡಿದ್ರಾ?"

"ಹಾಕ್ಕೊಳ್ಳೋಳು ಅವಳೇ ತಾನೆ?"

ಕಂಬಗಳು ಬೇರೆ ಹಲಗೆಯಿಂದ ಮೇಲಕ್ಕೆ ಸೊಂಟದೆತ್ತರ ಮೂತಿ ಎತ್ತಿ ನಿಂತಿದ್ದವು. "ಇವು ಯಾಕೆ?" ಅಂದೆ.

"ಹೆಚ್ಚಿಗೆ ಇರಲಿ ಅಂತ ಬಿಟ್ಟೆ. ಮುಂದೆ ಎತ್ತರಿಸಬೇಕಾದ್ರೆ?"

"ಅಟ್ಟಣೆ ಏನು ಬೆಳೆಯೋ ಮಗೂನಾ? ಕೊನೇಲಿ ಎಲ್ಲಾ ಕೊಯ್ದು ಹಾಕ್ತೀನಿ."

ಎರಡು ದಿನ ಎದೆಯುದ್ದ ನೀರಿನಲ್ಲಿ ನಿಂತೆವು. ಕಂಬಗಳ ಬುಡಕ್ಕೆ ಕಲ್ಲು ಜಡಿದೆವು. ಪ್ರತಿ ಜೋಡಿಯ ನಡುವೆ ಎರಡು ಪಟ್ಟಿ ಓರೆಯಾಗಿ, ಒಂದರ ಮೇಲೊಂದು ಹಾದುಹೋಗಬೇಕು, ಆಗಲೇ ತೂಗಾಟ ನಿಲ್ಲುವುದು ಎಂದು ಹತ್ತು ಸಲ ಬಡಕೊಂಡೆ. ಭಾವ ಪಟ್ಟಿಯನ್ನು ನೆಟ್ಟಗೆ ಅಡ್ಡ ಹಿಡಿದೇ ನಿಂತಿದ್ದರು. ಕೊನೆಗೆ ಕಿರುಚಿದೆ: "ಕತ್ತರಿ ಭಾವ, ಬಾಯಿ ತೆಗೆದ ಕತ್ತರಿ!"

"ಹಾಗೆ ಹೇಳು ಮತ್ತೆ. ಸುಮ್ಮನೆ ಗಂಟಲು ಹರಕೋತೀಯ."

ಸೀಮೆಸುಣ್ಣ ತಂದು ಎಲ್ಲ ಪಟ್ಟಿಗೂ ತಾವೇ ಗುರುತು ಹಾಕಿದರು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು. ಬೋಲ್ಟು ಬಿಗಿದೆ, ಮೊಳೆಗಳನ್ನು ತಲೆಯವರೆಗೆ ಹೊಡೆದೆ, ದಡದ ಕಡೆಯ ಜೋಡಿಯನ್ನು ನೆಲದಲ್ಲಿ ಹೂತ ಗೂಟಗಳಿಗೆ ಸೇರಿಸಿದೆ. ಮೇಲೆ ಹತ್ತಿ ಕುಣಿದೆ. ಅಟ್ಟಣೆ ಮಿಸುಕಲಿಲ್ಲ.

ಭಾನುವಾರ ಬೆಳಿಗ್ಗೆ ಕಂಬದ ತುದಿ ಕೊಯ್ಯಲು ಗರಗಸ ಹಿಡಿದೇ ಹೋದೆ. ಹಲ್ಲು ಇನ್ನೂ ಮರಕ್ಕೆ ತಾಗಿರಲಿಲ್ಲ, ಅಕ್ಕ ಬಕೆಟ್ ಹಿಡಿದು ಬಂದುಬಿಟ್ಟಳು. "ಸರಿ ಅತ್ಲಾಗೆ."

ಒಂದು ಹೆಜ್ಜೆ ಇಟ್ಟು ನಿಂತಳು. ಅಟ್ಟಣೆ ಅಲ್ಲಾಡಲಿಲ್ಲ, ಅವಳ ಮಂಡಿ ಅಲ್ಲಾಡಿತು. ನನ್ನ ಬೋಲ್ಟು, ನನ್ನ ಕತ್ತರಿ ಪಟ್ಟಿ ಯಾವುದೂ ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ. ಅವಳು ಹಿಂದಕ್ಕೆ ತಿರುಗುವುದರಲ್ಲಿದ್ದಳು. ಅಷ್ಟರಲ್ಲಿ ಗಾಳಿಯಲ್ಲಿ ತಡಕಾಡುತ್ತಿದ್ದ ಕೈಗೆ ಕಂಬದ ತುದಿ ಸಿಕ್ಕಿತು. ಹಿಡಿದಳು. ಆಮೇಲೆ ಮುಂದಿನದು. ಹಾಗೇ ಕಂಬ ಕಂಬ ಹಿಡಿದು ಕೊನೆ ಮುಟ್ಟಿ ಕೂತಳು.

"ರೀ, ಹಿಡ್ಕೊಳ್ಳೋಕೆ ಎಷ್ಟು ಸರಿಯಾಗಿ ಬಿಟ್ಟಿದ್ದೀರಿ!"

ಭಾವ ಕಂಬದ ತುದಿಯನ್ನೊಮ್ಮೆ, ನನ್ನ ಗರಗಸವನ್ನೊಮ್ಮೆ ನೋಡಿ, "ನಿನ್ನ ಅಳತೆ ನನಗೆ ಗೊತ್ತಿಲ್ವಾ?" ಅಂದರು.

ಹಸಿ ಸುಳ್ಳು! ನಾನು ಬಾಯಿ ತೆರೆದೆ.

"ನೀನ್ಯಾಕೋ ಗರಗಸ ಹಿಡ್ಕೊಂಡು ನಿಂತಿದ್ದೀಯ?" ಅಂದಳು ಅಕ್ಕ.

"ಸೋಮವಾರ ಒಲೆಗೆ ಬೇಕಾಗಬಹುದೇನೋ ಅಂತ ತಂದೆ," ಅಂದೆ.

ಅವಳು ನಕ್ಕು ಬಕೆಟ್ಟಿನಿಂದ ಒಂದು ಅಂಗಿ ಎತ್ತಿ ನೀರಿಗೆ ಅದ್ದಿದಳು. ಹಿಂದಿನ ದಿನ ಭಾವ ಒಗೆದಿದ್ದ ಅಂಗಿ.