ಒಂದು ಪುಸ್ತಕ, ಒಂದು ತೊಡೆಮೂಳೆ

ಇವತ್ತು ಬೆಳಿಗ್ಗೆ ಕಾಪುವಿನ ನಮ್ಮ ಮನೆಗೆ ಒಬ್ಬಳು ಹುಡುಗಿ ಬಂದಳು. ಮಣಿಪಾಲದಲ್ಲಿ ಡಾಕ್ಟರಿಕೆ ಓದಲು ಈಗಷ್ಟೇ ಸೇರಿದವಳು. ಅನಾಟಮಿಗೆ ಯಾವ ಪುಸ್ತಕ ಕೊಳ್ಳಬೇಕೆಂದು ನನ್ನ ಮೊಮ್ಮಗಳು ಶ್ವೇತಾಳನ್ನು ಕೇಳಬೇಕಿತ್ತು. ಅವಳ ಕೈಯಲ್ಲಿದ್ದ ಉದ್ದ ಪಟ್ಟಿ ನೋಡಿ ನನಗೆ ನಗು ಬಂತು. ಎರಡು ವರ್ಷದ ಹಿಂದೆ ಇದೇ ರೋಗ ನಮ್ಮ ಮನೆಗೂ ಬಡಿದಿತ್ತು.

ನಾನು ಓದಿದ್ದು ನಾಲ್ಕನೆಯ ಕ್ಲಾಸು, ಮೀನು ಮಾರಿದ್ದು ನಲವತ್ತು ವರ್ಷ. ಯಾವುದರಲ್ಲಿ ಹೆಚ್ಚು ಕಲಿತೆನೆಂದು ನೀವೇ ಹೇಳಿ. ಆಗ ಡಾಕ್ಟರಿಕೆಯ ಮೊದಲ ವರ್ಷದಲ್ಲಿದ್ದ ಶ್ವೇತಾ ಅನಾಟಮಿಯ ಕಾಲೇಜು ಪರೀಕ್ಷೆಯಲ್ಲಿ ಫೇಲಾಗಿ ಬಂದಿದ್ದಳು. ಮುಂದಿನ ಸಲವೂ ಹೋದರೆ ವರ್ಷದ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಮಂಚದ ತುಂಬ ನಾಲ್ಕು ದಪ್ಪ ಪುಸ್ತಕ, ಝೆರಾಕ್ಸ್ ನೋಟ್ಸು. ಮೊಬೈಲಿನಲ್ಲಿ ವಿಡಿಯೊ ಬೇರೆ.

"ಇದ್ರಲ್ಲಿ ಯಾವುದು ಓದಿ ಮುಗೀತು?"

"ಎಲ್ಲದ್ರಲ್ಲೂ ಸ್ವಲ್ಪ ಸ್ವಲ್ಪ, ಅಜ್ಜಿ."

"ಹಾಗಾದ್ರೆ ಎಂತದ್ದೂ ಇಲ್ಲ."

ಅತ್ತಳು. ಅಳಲಿ ಎಂದು ಬಿಟ್ಟೆ.

ಮದುವೆಯಾದ ಹೊಸತರಲ್ಲಿ ನನ್ನ ಅತ್ತೆ ನನ್ನನ್ನು ಮಾರ್ಕೆಟಿನಲ್ಲಿ ಕೂರಿಸಿ ತಿಂಗಳಿಡೀ ಬಂಗುಡೆಯೊಂದನ್ನೇ ಕೊಯ್ಯಿಸಿದ್ದರು. ಅಂಜಲ್‌ನಂಥ ದುಬಾರಿ ಮೀನು ಮುಟ್ಟಲು ಬಿಡಲಿಲ್ಲ. ಆಗ ಅವರನ್ನು ಮನಸ್ಸಿನಲ್ಲೇ ಬೈದಿದ್ದೇನೆ. ಆದರೆ ಬಂಗುಡೆಯ ಮುಳ್ಳು ಬೆರಳಿಗೆ ಗೊತ್ತಾದ ಮೇಲೆ ಉಳಿದ ಮೀನು ಕಷ್ಟವಾಗಲಿಲ್ಲ.

"ಒಂದು ಇಟ್ಟುಕೋ, ಉಳಿದದ್ದು ಅಟ್ಟಕ್ಕೆ ಹಾಕು" ಎಂದೆ.

"ಕ್ಲಾಸಲ್ಲಿ ಎಲ್ರೂ ನಾಲ್ಕು ನಾಲ್ಕು ಓದ್ತಾರೆ."

"ಅದನ್ನು ಅವ್ರು ಅವರಜ್ಜಿ ಹತ್ರ ಹೇಳ್ಲಿ ಮಾರಾಯ್ತಿ."

ಎಲ್ಲಕ್ಕಿಂತ ತೆಳ್ಳಗಿನ ಪುಸ್ತಕ ಉಳಿಸಿಕೊಂಡಳು. ಜೊತೆಗೆ ಸೀನಿಯರ್ ಒಬ್ಬಳು ಕೊಟ್ಟ ಮೂಳೆಗಳ ಪೆಟ್ಟಿಗೆ. ಹಗಲು ಓದಿದ್ದನ್ನು ಸಂಜೆ ತೊಡೆಮೂಳೆ ಹಿಡಿದು ನನಗೆ ಹೇಳಬೇಕೆಂದು ಕರಾರು ಹಾಕಿದೆ. ಮೊದಲ ದಿನವೇ ಜಗಳ. ನಾನು ಬಲಗಾಲಿನದು ಎಂದೆ, ಅವಳು ಎಡಗಾಲಿನದು ಎಂದಳು.

"ನಮ್ಮ ಮೈಗೆ ಹಿಡಿದು ನೋಡ್ಬೇಕು ಅಜ್ಜಿ, ಗಿರಾಕಿಗೆ ತೋರಿಸುವ ಹಾಗೆ ತಿರುಗಿಸಿದ್ರೆ ಎಡ ಬಲ ಅದಲುಬದಲು ಆಗ್ತದೆ."

ನಲವತ್ತು ವರ್ಷದ ಅಭ್ಯಾಸ, ಸುಲಭಕ್ಕೆ ಬಿಡುವುದುಂಟೇ? ನನ್ನನ್ನು ಸೋಲಿಸಲು ಅವಳು ಗಳಿಗೆಗೊಮ್ಮೆ ಪುಸ್ತಕ ತೆರೆದಳು. ಮೂರನೆಯ ದಿನ ತೆರೆಯದೆಯೇ ಸೋಲಿಸಿದಳು. ಆ ಸೋಲಿನಷ್ಟು ಖುಷಿ ನನಗೆ ಯಾವ ವ್ಯಾಪಾರದಲ್ಲೂ ಸಿಕ್ಕಿಲ್ಲ.

ಪಾಸಾದಳು. ಪರೀಕ್ಷೆಯಲ್ಲಿ ಮೂಳೆ ಕೈಗೆ ಕೊಟ್ಟ ಮೇಷ್ಟ್ರು ಸಾಕಮ್ಮ ಎನ್ನುವವರೆಗೂ ಹೇಳಿದಳಂತೆ. ಅವಳೆದುರು ನಾನು ಹೊಗಳಲಿಲ್ಲ. ಮಾರ್ಕೆಟಿನಲ್ಲಿ ಮಾತ್ರ ನನ್ನ ಬಾಯಿಂದ ಈ ಸುದ್ದಿ ಕೇಳದ ಗಿರಾಕಿ ಇಲ್ಲ.

ಇವತ್ತು ಶ್ವೇತಾ ಆ ಹುಡುಗಿಗೆ ಒಂದೇ ಪುಸ್ತಕದ ಹೆಸರು ಹೇಳಿದಳು. "ಮತ್ತೆ, ಏನೂ ಗೊತ್ತಿಲ್ಲದ, ಆದ್ರೆ ಜಗಳ ಬಿಡದ ಒಬ್ರು ಬೇಕು. ಅವರಿಗೆ ಕಲಿಸು."

"ಅಂಥವರು ಹಾಸ್ಟೆಲಲ್ಲಿ ಎಲ್ಲಿ ಸಿಗ್ತಾರೆ ಅಕ್ಕ?"

ಇಬ್ಬರೂ ನನ್ನ ಕಡೆ ತಿರುಗಿದರು.

"ನನ್ನನ್ನೆಂತ ನೋಡುವುದು?" ಎಂದೆ. "ಏನೂ ಗೊತ್ತಿಲ್ಲದವರನ್ನು ಬೇರೆ ಕಡೆ ಹುಡುಕಿ. ನನಗೀಗ ಗೊತ್ತುಂಟು."