ಸಹಿ ಇಲ್ಲದೆ ಹೊರಗೆ ಹೋದದ್ದು

ಬೆಳಿಗ್ಗೆ ನೆರೆಮನೆಯ ಕಾರವಾರದಾಕೆ ಬಟ್ಟಲು ಹಿಡಿದು ಬಂದು ಹೆಪ್ಪು ಕೇಳಿದರು. ಅವರ ಮನೆಯ ಮೊಸರು ಕೆಟ್ಟಿತ್ತಂತೆ. ಕೊಟ್ಟೆ. ಹೆಪ್ಪಿಗೆ ಇಲ್ಲವೆನ್ನುವವರು ಯಾರಿದ್ದಾರೆ ಹೇಳಿ? ನಾಳೆ ನಮ್ಮದು ಕೆಟ್ಟರೆ ನಾವೂ ಬಟ್ಟಲು ಹಿಡಿದು ಹೋಗುವವರೇ. ಆದರೆ ಅವರು ಹೋದಮೇಲೆ ರೇಣುಕಾ ನೆನಪಾದಳು.

ನಾನು ಗೋವಾದ ಒಂದು ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದಲ್ಲಿರುವವಳು. ಧಾರವಾಡದ ಹೆಣ್ಣು, ಬಾಯಿ ಸ್ವಲ್ಪ ಜೋರು. ಯಾವ ಯಂತ್ರ ಯಾರಿಗೆ ಯಾವ ಹೊತ್ತಿಗೆ, ಯಾರ ಲೇಖನ ಎಲ್ಲಿ ಅಚ್ಚಾಯಿತು, ಯಾವ ತಂತ್ರ ಯಾವ ಕಾರ್ಖಾನೆಗೆ ಹೋಗಬೇಕು, ಎಲ್ಲವೂ ನನ್ನ ಮೇಜನ್ನು ದಾಟಿಯೇ ಹೋಗಬೇಕು. ನನ್ನ ಸಹಿ ಇಲ್ಲದೆ ಪ್ರಯೋಗಾಲಯದಿಂದ ಒಂದು ಹನಿಯೂ ಹೊರಗೆ ಹೋಗಕೂಡದು ಎಂಬುದು ನಿಯಮ. ಅದನ್ನು ನಾನು ಎಷ್ಟು ಠೀವಿಯಿಂದ ಹೇಳುತ್ತಿದ್ದೆನೆಂದರೆ, ಹುಡುಗರು ಕಾರಿಡಾರಿನಲ್ಲಿ ನನ್ನ ದನಿಯನ್ನು ಅಣಕಿಸುತ್ತಿದ್ದರು. ಕೇಳಿಸಿಕೊಂಡು ಒಳಗೊಳಗೇ ಖುಷಿಪಡುತ್ತಿದ್ದೆ.

ರೇಣುಕಾ ವಾಸ್ಕೋ ಪಕ್ಕದ ಝುವಾರಿನಗರದ ಹುಡುಗಿ. ಅಪ್ಪ ವಿಜಯಪುರದ ಕಡೆಯಿಂದ ಬಂದ ಗೌಂಡಿ, ಗಾರೆ ಕೆಲಸದವನು. ಅವಳೂ ಅವಳ ಮಾರ್ಗದರ್ಶಕ ಪ್ರೊಫೆಸರರೂ ಹೊಳೆಯಂಚಿನ ಕೆಸರಿನಿಂದ ಎಣ್ಣೆ ತಿನ್ನುವ ಒಂದು ಸೂಕ್ಷ್ಮಜೀವಿಯನ್ನು ಹೆಕ್ಕಿದ್ದರು. ಕಾರ್ಖಾನೆಯ ಕೊಳೆನೀರಿಗೆ ಅದನ್ನು ಬಿಟ್ಟರೆ ನೀರು ತಿಳಿಯಾಗುತ್ತಿತ್ತು. ಮಡ್ಕಯಿಯ ಒಂದು ಕಾರ್ಖಾನೆ ಒಪ್ಪಂದಕ್ಕೆ ಸಿದ್ಧವಾಗಿತ್ತು. ಲೇಖನಕ್ಕೂ ಒಪ್ಪಿಗೆ ಸಿಕ್ಕಿತ್ತು. ರೇಣುಕಾಳ ಪಿಎಚ್.ಡಿ. ನಿಂತದ್ದೇ ಇದರ ಮೇಲೆ.

ಒಂದು ಸೋಮವಾರ ಬಂದು ನೋಡಿದರೆ ಡೀಪ್ ಫ್ರೀಜರ್ ಸತ್ತಿತ್ತು. ರಜೆಯಲ್ಲಿ ಕರೆಂಟು ಹೋಗಿ, ಜನರೇಟರ್ ಶುರುವಾಗಿರಲಿಲ್ಲ. ಜೀವಿಯನ್ನು ಕಾಪಿಟ್ಟಿದ್ದ ಟ್ಯೂಬುಗಳೆಲ್ಲ ಕರಗಿ ನೀರು. ರೇಣುಕಾ ಅದರಿಂದಲೇ ಜೀವಿಯನ್ನು ಮತ್ತೆ ಬೆಳೆಸಲು ನೋಡಿದಳು. ಬೆಳೆದದ್ದು ಬರೀ ಬೂಷ್ಟು. ಕೆಸರಿನಿಂದ ಹೊಸದಾಗಿ ಹೆಕ್ಕಲು ತಿಂಗಳುಗಳೇ ಬೇಕು, ವಾರದ ಕೊನೆಗೆ ಕಾರ್ಖಾನೆಯವರು ಬರುವವರಿದ್ದರು. ಜೀವಿಯೇ ಇಲ್ಲದಿದ್ದರೆ ಒಪ್ಪಂದ ಎಲ್ಲಿಂದ? ಕೇಳಿದ ಯಾವ ಸಂಶೋಧಕರಿಗೂ ಜೀವಿಯನ್ನು ಕೊಡಬೇಕೆಂಬುದು ಪತ್ರಿಕೆಯ ಕಟ್ಟಳೆ; ಕೊಡಲಾಗದಿದ್ದರೆ ಲೇಖನವನ್ನೂ ಹಿಂದಕ್ಕೆ ಪಡೆಯಬೇಕು. ಪ್ರೊಫೆಸರರು ಫ್ರೀಜರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು.

ಆಗ ರೇಣುಕಾ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು.

“ಅಕ್ಕಾರ, ಧಾರವಾಡದಾಗ ನನ್ನ ಗೆಳತಿ ಹತ್ರ ಒಂದು ಟ್ಯೂಬ್ ಐತ್ರಿ. ಹ್ವಾದ ವರ್ಷ ನಾನ ಕೊಟ್ಟೇನ್ರಿ. ಸಹಿ ತಗೊಂಡಿದ್ದಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಗೊತ್ತಾದರೆ ನಿನ್ನ ನೋಂದಣಿಗೇ ಕುತ್ತು, ಬುದ್ಧಿ ಎಲ್ಲಿಟ್ಟಿದ್ದೆ ಎಂದು ಬೈದೆ. ಅಲ್ಲಿನ ಪ್ರಯೋಗಾಲಯದಲ್ಲಿ ಗೆಳತಿಯ ಸಂಶೋಧನೆ ನಿಂತುಹೋಗಿತ್ತಂತೆ, ಅವಳು ಅಳುತ್ತ ಕೇಳಿದಳಂತೆ, ಹೆಪ್ಪು ಕೊಟ್ಟ ಹಾಗೆ ಇವಳು ಕೊಟ್ಟುಬಿಟ್ಟಳಂತೆ. ಬೈಯುತ್ತ ಬೈಯುತ್ತಲೇ ನನ್ನ ತಲೆ ಬೇರೆ ಲೆಕ್ಕ ಹಾಕುತ್ತಿತ್ತು. ನಿಯಮದ ಮಹಾತಾಯಿಯಾದ ನಾನೇ ದನಿ ತಗ್ಗಿಸಿ ಹೇಳಿದೆ: ಸುಮ್ಮನೆ ಬಸ್ಸು ಹತ್ತಿ ಹೋಗಿ ತಂದುಬಿಡು, ಒಂದು ನಮ್ಮಲ್ಲೇ ಉಳಿದಿತ್ತು ಅನ್ನೋಣ. ಅವಳು ಒಪ್ಪಲಿಲ್ಲ.

“ಹಂಗ ಮಾಡಿದ್ರ ಪೇಪರ್ ಸುಳ್ಳ ಆಗ್ತೈತ್ರಿ. ಎಲ್ಲಿಂದ ಬಂತು ಅಂತ ಬರೀಬೇಕ್ರಿ. ಸರ್‌ಗೆ ನಾನ ಹೇಳ್ತೇನಿ. ನೀವು ನನ್ನ ಜೋಡಿ ಬರ್ರಿ, ಅಷ್ಟ ಸಾಕು.”

ಹೋದೆ. ಮುಂದೆ ನಡೆದವಳು ಅವಳು, ಹಿಂದೆ ಉಳಿದವಳು ನಾನು. ಪ್ರೊಫೆಸರರು ಎಲ್ಲವನ್ನೂ ಕೇಳಿ, ಒಂದು ಮಾತೂ ಬೈಯದೆ, ಧಾರವಾಡಕ್ಕೆ ಮುಂದಿನ ಬಸ್ಸು ಯಾವುದು ಎಂದಷ್ಟೇ ವಿಚಾರಿಸಿದರು.

ಟ್ಯೂಬು ಬಂತು, ತಟ್ಟೆಯಲ್ಲಿ ಜೀವ ಮೂಡಿತು, ಕಾರ್ಖಾನೆಯವರು ಒಪ್ಪಿ ಹೋದರು. ಲೇಖನದ ಕೊನೆಗೆ ಧಾರವಾಡದ ಗೆಳತಿಗೆ ಕೃತಜ್ಞತೆ ಸೇರಿತು. ಸಹಿ ಇಲ್ಲದೆ ಕೊಟ್ಟದ್ದನ್ನು ವಿಚಾರಿಸಿದ ವಿಶ್ವವಿದ್ಯಾಲಯದ ಸಮಿತಿ ಮಾತ್ರ ಬಗ್ಗಲಿಲ್ಲ. ರೇಣುಕಾಳ ನೋಂದಣಿಯನ್ನು ಒಂದು ವರ್ಷ ತಡೆಹಿಡಿಯಿತು, ಫೆಲೋಶಿಪ್ಪೂ ನಿಂತಿತು. ಪ್ರೊಫೆಸರರೂ ನಾನೂ ಎಷ್ಟು ವಾದಿಸಿದರೂ ಗೋಡೆಗೆ ಹೇಳಿದಂತಾಯಿತು. ಆ ವರ್ಷವೆಲ್ಲ ಅವಳು ವಾಸ್ಕೋದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳಿದಳು.

ಈಗ ಹೊಸ ನಿಯಮ ಬಂದಿದೆ. ಯಾವ ಜೀವಿಯೇ ಆಗಲಿ, ಒಂದು ಪಾಲನ್ನು ಬೇರೆ ಊರಿನ ಪ್ರಯೋಗಾಲಯದಲ್ಲಿ ಇಡಲೇಬೇಕು. ಅವಳಿಗೆ ಶಿಕ್ಷೆ ತಂದ ಕೆಲಸವೇ ಈಗ ಕಡ್ಡಾಯ! ಸುತ್ತೋಲೆ ಬರೆದವಳು ನಾನು. ಇದನ್ನು ಕಲಿಸಿದವಳು ರೇಣುಕಾ ಎಂದು ಒಂದು ಸಾಲು ಸೇರಿಸಿದ್ದೆ, ಮೇಲಿನವರು ಹೊಡೆದುಹಾಕಿದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾಳೆ ಅವಳು ತನ್ನ ಮಹಾಪ್ರಬಂಧ ಸಲ್ಲಿಸಲು ಬರುತ್ತಾಳೆ, ಜೊತೆಯವರಿಗಿಂತ ಒಂದು ವರ್ಷ ತಡವಾಗಿ. ಹೊಸ ನಿಯಮದ ಪ್ರಕಾರ, ಜೀವಿಯನ್ನು ಹೊರಗೆ ಯಾರಿಗೆ ಕೊಟ್ಟಿದ್ದೀ ಎಂದು ನಾನು ಅವಳನ್ನು ಕೇಳಬೇಕು. ಕೊಟ್ಟಿಲ್ಲವೆಂದರೆ ಪ್ರಬಂಧ ತೆಗೆದುಕೊಳ್ಳುವಂತಿಲ್ಲ.